ಬಿಳಿಗಲ್ಲು ಗುಡ್ಡದ ಹಗ್ಗದ ರೈಲು

ಮೊದಲೇ ಹೇಳಿಬಿಡುತ್ತೇನೆ. ನಾನು ದೆವ್ವ ಭೂತ ನಂಬುವವಳಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ‘ದೆವ್ವ ಇದೆ’ ಎಂದು ವಾದಿಸಲು ಬಂದವರು ನನ್ನ ಸರದಿ ಮುಗಿಯುವ ಹೊತ್ತಿಗೆ ನೀರು ಕೇಳುತ್ತಿದ್ದರು. ಈಗಲೂ ಯಾರಾದರೂ ‘ನಮ್ಮಜ್ಜಿ ಕಣ್ಣಾರೆ ನೋಡಿದ್ದಾರೆ’ ಎಂದು ಶುರು ಮಾಡಿದರೆ, ‘ಕರೆಸಿ ನಿಮ್ಮಜ್ಜಿಯನ್ನು, ನಾಲ್ಕು ಪ್ರಶ್ನೆ ಕೇಳುತ್ತೇನೆ’ ಎನ್ನುತ್ತೇನೆ.

ಆದರೆ ಇದು ಬೇರೆಯವರ ಅಜ್ಜಿಗೆ ಆದದ್ದಲ್ಲ. ನನಗೆ ಆದದ್ದು. ನನ್ನ ಕಿವಿ ಕೇಳಿದ ಸದ್ದು... ನನ್ನ ಅಂಗೈಗೆ ತಾಗಿದ ನಡುಕ. ನಂಬಿ ಎಂದು ಯಾರಿಗೂ ಕೈಮುಗಿಯುವುದಿಲ್ಲ. ನಂಬದವರು ದಯವಿಟ್ಟು ಒಂದು ವಿವರಣೆ ಕೊಡಿ. ನಾನು ವರ್ಷಗಳಿಂದ ಹುಡುಕುತ್ತಿದ್ದೇನೆ. ಸಿಕ್ಕಿಲ್ಲ. ಸಿಕ್ಕಿಲ್ಲವಲ್ಲ ಎಂದು ಹೆದರಿಕೆಗಿಂತ ಸಿಟ್ಟೇ ಹೆಚ್ಚು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಶಿವಮೊಗ್ಗದಲ್ಲಿ ಕಾನೂನು ಓದುತ್ತಿದ್ದೆ. ಭದ್ರಾವತಿಯಲ್ಲಿ ನನ್ನ ಸೋದರಮಾವ ಸಿದ್ಧಲಿಂಗಪ್ಪ ಇದ್ದರು. ಊರಿನಿಂದ ಸ್ವಲ್ಪ ಆಚೆ ಒಂದು ಗುಡ್ಡ. ಅದರ ನಿಜವಾದ ಹೆಸರು ಬೇಡ, ಬಿಳಿಗಲ್ಲು ಗುಡ್ಡ ಎಂದುಕೊಳ್ಳಿ. ಮಾವನ ಕೆಲಸ ಆ ಗುಡ್ಡದ ನೆತ್ತಿಯ ಮೇಲೆ, ಹಗ್ಗದ ರೈಲಿನ ಬ್ರೇಕು ಹಿಡಿಯುವುದು.

ಹಗ್ಗದ ರೈಲು ಎಂದರೆ ನಿಮಗೆ ಗೊತ್ತಾಗಲಿಕ್ಕಿಲ್ಲ. ಮಹಾರಾಜರ ಕಾಲದಲ್ಲಿ ಹಾಕಿದ್ದು. ಗುಡ್ಡದ ನೆತ್ತಿಯಿಂದ ಬುಡದವರೆಗೆ, ನಿಂತು ನೋಡಿದರೆ ತಲೆ ತಿರುಗುವಷ್ಟು ಕಡಿದಾದ ಹಳಿ. ಇಂಜಿನ್ ಇಲ್ಲ, ಹೊಗೆ ಇಲ್ಲ. ಎರಡು ಕಬ್ಬಿಣದ ಬಂಡಿಗಳು. ಕೆಲಸಗಾರರು ಅವುಗಳನ್ನು ತೊಟ್ಟಿಲು ಎನ್ನುತ್ತಿದ್ದರು. ಎರಡನ್ನೂ ಕಟ್ಟಿದ ಒಂದೇ ಉಕ್ಕಿನ ಹಗ್ಗ ನೆತ್ತಿಯಲ್ಲಿರುವ ದೊಡ್ಡ ಚಕ್ರವನ್ನು ಸುತ್ತಿ ಬರುತ್ತದೆ. ಬಾವಿಯ ರಾಟೆಯ ಎರಡು ಬದಿಗೂ ಕೊಡ ಕಟ್ಟಿದಂತೆ. ಮೇಲಿನ ಕ್ವಾರಿಯಲ್ಲಿ ಕಲ್ಲು ತುಂಬಿಸಿಕೊಂಡ ತೊಟ್ಟಿಲು ತನ್ನ ಭಾರಕ್ಕೇ ಇಳಿಯುತ್ತದೆ, ಇಳಿಯುತ್ತಾ ಕೆಳಗಿನ ಖಾಲಿ ತೊಟ್ಟಿಲನ್ನು ಮೇಲೆಳೆಯುತ್ತದೆ. ನಡುವೆ ಒಂದು ಕಡೆ ಹಳಿ ಕವಲಾಗಿ, ಎರಡೂ ಒಂದನ್ನೊಂದು ದಾಟುತ್ತವೆ. ಮನುಷ್ಯರು ಮಾಡಬೇಕಾದದ್ದು ಇಷ್ಟೇ: ಮೇಲೆ ಒಬ್ಬ ಬ್ರೇಕು ಬಿಡಬೇಕು, ಹಿಡಿಯಬೇಕು. ಕೆಳಗೆ ಒಬ್ಬ ಗಂಟೆ ಹೊಡೆದು ‘ಬಿಡು’ ಎನ್ನಬೇಕು.

ಕೆಳಗಿನವನು ಆರ್ಮುಗಂ. ಮಾವನ ಬಾಯಲ್ಲಿ ಆರ್ಮುಗ.

ಗಂಟೆ ಇರುವುದು ಮೇಲೆ, ಮಾವ ಕೂರುವ ಬ್ರೇಕಿನ ಮನೆಯಲ್ಲಿ. ಅದಕ್ಕೆ ಕಟ್ಟಿದ ತಂತಿ ಕಂಬದಿಂದ ಕಂಬಕ್ಕೆ ಹಾದು ಗುಡ್ಡದ ಬುಡದವರೆಗೆ ಹೋಗುತ್ತದೆ. ಆರ್ಮುಗಂ ಕೆಳಗೆ ನಿಂತು ತಂತಿ ಎಳೆದರೆ ಮೇಲೆ ಗಂಟೆ ಹೊಡೆಯುತ್ತದೆ. ಎರಡು ಸಲ ಹೊಡೆದರೆ ‘ಬಿಡು’. ನಿಯಮದ ಪ್ರಕಾರ ಮಾವ ಅದೇ ತಂತಿಯನ್ನು ಮೇಲಿನಿಂದ ಎಳೆದು ‘ಬಿಡಲಾ?’ ಎಂದು ತಿರುಗಿ ಕೇಳಬೇಕು. ಕೆಳಗಿನವನು ಮತ್ತೊಮ್ಮೆ ಹೊಡೆದ ಮೇಲಷ್ಟೇ ಬ್ರೇಕು ಬಿಡಬೇಕು. ಆದರೆ ತಂತಿ ಹಳತಾಗಿ ಜೋತುಬಿದ್ದಿತ್ತು. ಮೇಲಿನಿಂದ ಎಷ್ಟು ಎಳೆದರೂ ಕೆಳಗಿನ ತುದಿ ಅಲುಗುತ್ತಿರಲಿಲ್ಲ. ಹಾಗಾಗಿ ತಿರುಗಿ ಕೇಳುವುದನ್ನು ಎಲ್ಲರೂ ಬಿಟ್ಟಿದ್ದರು. ಕ್ವಾರಿಯ ಮ್ಯಾನೇಜರಿಗೂ ಗೊತ್ತಿತ್ತು.

ಮಾವನಿಗಂತೂ ತಿರುಗಿ ಕೇಳುವ ಅಗತ್ಯವೇ ಇರಲಿಲ್ಲ. “ಅವನ ಕೈ ನಂಗೆ ಗೊತ್ತಿಲ್ವಾ?” ಎನ್ನುತ್ತಿದ್ದರು. ಆರ್ಮುಗಂ ಮೊದಲ ಸಲ ತಂತಿಯನ್ನು ಎಳೆದು ಒಂದು ಗಳಿಗೆ ಹಿಡಿದಿಡುತ್ತಿದ್ದ. ಎರಡನೆಯದು ಮಾತ್ರ ಸಣ್ಣಗೆ, ಚಿವುಟಿದ ಹಾಗೆ. ಒಬ್ಬೊಬ್ಬರ ದಸ್ಕತ್ತು ಒಂದೊಂದು ಥರ ಇರುತ್ತದಲ್ಲ, ಹಾಗೆ.

ಒಂದು ಸಂಜೆ, ಗುಡ್ಡಕ್ಕೆ ಮಂಜು ಇಳಿದಿತ್ತು. ಕ್ವಾರಿಯ ಜಲ್ಲಿ ಯಂತ್ರ ಕಿವಿ ಕಿತ್ತುಹೋಗುವಂತೆ ಓಡುತ್ತಿತ್ತು. ಗಂಟೆ ಹೊಡೆಯಿತು. ಮೊದಲನೆಯದು ಉದ್ದ, ಎರಡನೆಯದು ಚಿವುಟು. ಮಾವ ಬ್ರೇಕು ಬಿಟ್ಟರು.

ಆರ್ಮುಗಂ ಕೆಳಗೆ ಇರಲೇ ಇಲ್ಲ. ಹಳಿಯ ನಡುಭಾಗದಲ್ಲಿ ಬಗ್ಗಿ, ಹಗ್ಗ ಉರುಳುವ ರಾಟೆಗೆ ಗ್ರೀಸು ಹಚ್ಚುತ್ತಿದ್ದ. ಕಲ್ಲು ತುಂಬಿದ ತೊಟ್ಟಿಲು ಮಂಜಿನೊಳಗಿನಿಂದ ಬಂತು.

ಆಮೇಲೆ ಶುರುವಾಯಿತು ನೋಡಿ, ನನಗೆ ಮೈಯೆಲ್ಲ ಉರಿಯುವ ಭಾಗ. ‘ಗಂಟೆ ಹೊಡೆದದ್ದು ಯಾರು?’ ಎಂಬ ಪ್ರಶ್ನೆಗೆ ಕೆಲಸಗಾರರಲ್ಲಿ ಉತ್ತರ ತಯಾರಿತ್ತು. ಹಿಂದೆ ಯಾವುದೋ ಕಾಲದಲ್ಲಿ ಹಳಿ ಹಾಕುವಾಗ ಸತ್ತವನು ಹೊಡೆದ! ಕೋಳಿ ಕೊಯ್ದರು, ತೆಂಗಿನಕಾಯಿ ಒಡೆದರು. ಮಾವನಿಗೆ ಒಳ್ಳೆಯದಾಗಲಿ ಎಂದೇ ಹಾಗೆ ಹೇಳಿದರು, ಪಾಪ. ಮ್ಯಾನೇಜರಿಗೆ ಅದು ಹಬ್ಬದೂಟ. ‘ಗಂಟೆ ಹೊಡೆದೇ ಇಲ್ಲ. ಈ ಮನುಷ್ಯನಿಗೆ ದೆವ್ವದ ಗಂಟೆ ಕೇಳಿಸುತ್ತದೆ. ತಲೆ ಕೆಟ್ಟವನು ಬ್ರೇಕು ಬಿಟ್ಟ, ಒಂದು ಜೀವ ಹೋಯಿತು’ ಎಂದು ಮೇಲಿನವರಿಗೆ ವರದಿ ಕೊಟ್ಟ. ಮಾವನನ್ನು ಕೆಲಸದಿಂದ ನಿಲ್ಲಿಸಿದರು. ವಿಚಾರಣೆಗೆ ಅಧಿಕಾರಿಯೊಬ್ಬರು ಬರುವುದೆಂದಾಯಿತು. ಅವರು ಮ್ಯಾನೇಜರ್ ಹೇಳಿದ್ದನ್ನು ಒಪ್ಪಿದರೆ ಪೊಲೀಸ್ ಕೇಸು, ಜೈಲು.

ವಿಚಾರಣೆಯ ಹಿಂದಿನ ದಿನ ನಾನು ಭದ್ರಾವತಿಗೆ ಬಂದಾಗ ಅತ್ತೆ ಮಾವನ ತೋಳಿಗೆ ಯಾವುದೋ ತಾಯತ ಕಟ್ಟುತ್ತಿದ್ದರು.

“ಬಿಚ್ಚಿ ಅದನ್ನ!” ಎಂದೆ, ಚಪ್ಪಲಿ ಬಿಡುವ ಮೊದಲೇ. “ನಾಳೆ ಆ ಅಧಿಕಾರಿ ಮುಂದೆ ಇದನ್ನ ಕಟ್ಕೊಂಡು ಹೋಗ್ತೀರಾ? ‘ನೋಡಿ ಸಾರ್, ನಮ್ಮೆಜಮಾನ್ರಿಗೆ ದೆವ್ವ ಹಿಡಿದಿದೆ’ ಅಂತ ಬೋರ್ಡ್ ಹಾಕ್ಕೊಂಡ ಹಾಗೆ!”

“ಬಂದ ತಕ್ಷಣ ಶುರು ಮಾಡ್ಬೇಡ ಮಾರಾಯ್ತಿ,” ಎಂದರು ಅತ್ತೆ. “ಕಾಫಿನಾದ್ರೂ ಕುಡಿ. ಆಮೇಲೆ ನಮ್ಮನ್ನೆಲ್ಲ ಬೈಯ್ಯುವಂತೆ.”

ಮಾವ ಸೊರಗಿ ಹೋಗಿದ್ದರು. ಅತ್ತೆ ಒಳಗೆ ಹೋದ ಮೇಲೆ ಮೆಲ್ಲಗೆ ಕೇಳಿದರು. “ಪುಟ್ಟಿ, ನಾನು ನಿಜವಾಗ್ಲೂ ಕೇಳಿಸ್ಕೊಂಡ್ನಾ? ಇಲ್ಲಾ... ಸುಮ್ಮನೆ ನನ್ನ ತಲೆಯೊಳಗೆ ಆಯ್ತಾ? ಹಂಗಾಗಿದ್ರೆ ಅವನನ್ನ ಕೊಂದವನು ನಾನೇ ಅಲ್ವಾ?”

ಜೈಲಿಗಿಂತ ದೊಡ್ಡ ಹೆದರಿಕೆ ಅವರಿಗೆ ಅದಾಗಿತ್ತು.

“ಕೇಳಿಸ್ಕೊಂಡ್ರಿ,” ಎಂದೆ. “ತಂತಿ ಜೋತುಬಿದ್ದಿದೆ, ದನ ಮೈ ತಾಗಿಸಿದ್ರೂ ಗಂಟೆ ಹೊಡ್ಕೊಳ್ಳುತ್ತೆ ಅಂತ ನೀವೇ ಎಷ್ಟು ಸಲ ಹೇಳಿಲ್ಲ? ದನಾನೋ ಗಾಳಿನೋ. ನಡೀರಿ, ಈಗ್ಲೇ ಹೋಗಿ ನೋಡೋಣ. ನಾಳೆ ಅವರೆಲ್ಲರ ಕಣ್ಣೆದುರು ತಂತಿ ಅಲ್ಲಾಡಿಸಿ ಗಂಟೆ ಹೊಡೆಸ್ತೀನಿ. ಮ್ಯಾನೇಜರ್ ಮುಖ ನೋಡ್ಬೇಕು ನಾನು.”

ನನ್ನ ಇಡೀ ವಾದ ಆ ತಂತಿಯ ಮೇಲೆ ನಿಂತಿತ್ತು.

ಗುಡ್ಡದ ಬುಡ ಮುಟ್ಟಿದಾಗ ಸಂಜೆಯಾಗಿತ್ತು. ಕ್ವಾರಿ ನಿಲ್ಲಿಸಿದ್ದರು. ಅಷ್ಟು ಮೌನದ ಗುಡ್ಡವನ್ನು ನಾನು ಹಿಂದೆ ನೋಡಿರಲಿಲ್ಲ. ಕಾಗದದ ಕಾರ್ಖಾನೆಯಿರುವ ಕಾಗದನಗರದ ಕಡೆಯಿಂದ ಗಾಳಿ ತಿರುಗಿತ್ತು, ಆ ವಾಸನೆ ಗೊತ್ತಲ್ಲ, ಬೆಂದ ಕೋಸು ಹಳಸಿದ ಹಾಗೆ... ಕೆಳಗಿನ ತೊಟ್ಟಿಲು ಖಾಲಿ ನಿಂತಿತ್ತು. ಅಧಿಕಾರಿಗೆ ತೋರಿಸಲೆಂದು ಎರಡೂ ತೊಟ್ಟಿಲುಗಳನ್ನು ಅಪಘಾತದ ಮೊದಲು ಇದ್ದ ಹಾಗೆಯೇ ನಿಲ್ಲಿಸಿದ್ದರು: ಖಾಲಿಯದು ಕೆಳಗೆ, ಕಲ್ಲು ತುಂಬಿದ್ದು ಮೇಲೆ.

ಗೇಟಿನ ವಾಚ್‌ಮನ್ ಮಾವನನ್ನು ಕಂಡು ಎದ್ದು ನಿಂತ. “ಸಿದ್ಧಲಿಂಗಪ್ಪೋರೇ, ನಿಮ್ಮನ್ನ ಒಳಗೆ ಬಿಡಬಾರ್ದು ಅಂದಿದಾರೆ,” ಎಂದ. ಹಾಗೆನ್ನುತ್ತಲೇ ಬೀಗ ತೆಗೆದ. “ನಾನು ನೋಡ್ಲಿಲ್ಲ. ಬೇಗ ಇಳಿದು ಬನ್ನಿ. ಆದ್ರೆ ಮೇಲೆ ನೋಡೋದೇನೂ ಉಳಿದಿಲ್ಲ ಬಿಡಿ. ತಂತಿನೆಲ್ಲ ನಿನ್ನೆ ರಾತ್ರಿ ಬಿಚ್ಚಿಸಿ ಲಾರಿಲಿ ತಗೊಂಡು ಹೋದ್ರು.”

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಟಾರ್ಚ್ ಎತ್ತಿ ಕಂಬಗಳನ್ನು ನೋಡಿದೆ. ಕಂಬದಿಂದ ಕಂಬಕ್ಕೆ... ಏನೂ ಇರಲಿಲ್ಲ. ಬರೀ ಬೋಳು ಕಂಬಗಳು ಗುಡ್ಡ ಹತ್ತಿಕೊಂಡು ಹೋಗಿದ್ದವು.

“ಯಾರು ಬಿಚ್ಚಿಸಿದ್ದು?”

“ಮ್ಯಾನೇಜರು. ಹೊಸದು ಹಾಕ್ತಾರಂತೆ.”

“ಇಷ್ಟು ವರ್ಷ ಹಾಕದವರು ವಿಚಾರಣೆ ಹಿಂದಿನ ದಿನ ಹಾಕ್ತಾರಾ? ಥೂ, ಕಳ್ಳ ನನ್ಮಗ!”

ವಾಚ್‌ಮನ್ ಗಾಬರಿಯಾಗಿ ಮಾವನ ಮುಖ ನೋಡಿದ. ಹುಡುಗಿಯರ ಬಾಯಲ್ಲಿ ಅಂಥ ಮಾತು ಕೇಳಿ ಅವನಿಗೆ ಅಭ್ಯಾಸವಿರಲಿಲ್ಲವೇನೋ. ನಾನು ಅವನಿಗೂ ಎರಡು ಬೈದು ಮೆಟ್ಟಿಲು ಹತ್ತತೊಡಗಿದೆ. ತಂತಿ ಇಲ್ಲದ ಮೇಲೆ ಹತ್ತುವುದೇಕೆ ಎಂದು ಮಾವ ಕೇಳಲಿಲ್ಲ. ನನಗೂ ಗೊತ್ತಿರಲಿಲ್ಲ. ಸಿಟ್ಟು ಬಂದಾಗ ಕಾಲು ಸುಮ್ಮನಿರುವುದಿಲ್ಲ, ಅಷ್ಟೇ.

ಮೆಟ್ಟಿಲುಗಳು ಹಳಿಯ ಪಕ್ಕದಲ್ಲೇ ಏರುತ್ತವೆ. ನಡುಭಾಗ ಬಂದಾಗ ಮಾವ ಮುಖ ಆಚೆ ತಿರುಗಿಸಿದರು. ಅಲ್ಲಿ ಯಾರೋ ನೆಲಕ್ಕೆ ಸುಣ್ಣ ಚೆಲ್ಲಿದ್ದರು. ಬೆಳ್ಳಗೆ ಕಾಣುತ್ತಿತ್ತು.

ನೆತ್ತಿ ಮುಟ್ಟುವಾಗ ಪೂರ್ತಿ ಕತ್ತಲು. ಸ್ವಲ್ಪ ದೂರದಲ್ಲಿ ಕೆಲಸಗಾರರ ಸಾಲುಮನೆಗಳು. ಅಲ್ಲೊಂದರಲ್ಲಿ ಆರ್ಮುಗಂನ ಹೆಂಡತಿ ಸೆಲ್ವಿ ಇದ್ದಳು. ಆರ್ಮುಗಂ ಕೆಲಸ ಮಾಡುತ್ತಿದ್ದುದು ಕೆಳಗೆ, ಮನೆ ಮೇಲೆ. ದಿನಾ ಸಂಜೆ ಕೊನೆಯ ಗಂಟೆ ಹೊಡೆದು, ಖಾಲಿ ತೊಟ್ಟಿಲಿನಲ್ಲಿ ತಾನೇ ಕೂತು ಮೇಲೆ ಬರುತ್ತಿದ್ದ. ಅವನನ್ನು ಎಳೆದುಕೊಂಡರೆ ಮಾವನ ದಿನದ ಕೆಲಸ ಮುಗಿದಂತೆ. ಸೆಲ್ವಿಗೆ ಮುಖ ತೋರಿಸಲಾಗದೆ ಮಾವ ಆ ಕಡೆ ಹೋಗಲೇ ಇಲ್ಲ. ನೆಟ್ಟಗೆ ಬ್ರೇಕಿನ ಮನೆಯೊಳಗೆ ಹೊಕ್ಕರು.

ತಗಡಿನ ಮಾಡು. ಬಾವಲಿ ಹಿಕ್ಕೆ, ಹಳೆಯ ಗ್ರೀಸು, ತುಕ್ಕು ಎಲ್ಲ ಬೆರೆತ ವಾಸನೆ. ನಡುವೆ ಆಳೆತ್ತರದ ಚಕ್ರ, ಅದರ ಮೇಲೆ ತೋಳು ಗಾತ್ರದ ಉಕ್ಕಿನ ಹಗ್ಗ. ಪಕ್ಕದಲ್ಲಿ ಬ್ರೇಕಿನ ಉದ್ದನೆಯ ಹಿಡಿ. ಹಿಡಿಯ ಎದುರಿಗೆ ಗೋಡೆಯಲ್ಲಿ ಗಂಟೆ.

ನಾನು ಸ್ಟೂಲು ಹತ್ತಿ ಗಂಟೆಯನ್ನು ಪರೀಕ್ಷಿಸಿದೆ. ಗಂಟೆಯ ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಒಂದು ಕಬ್ಬಿಣದ ಕೈ. ಅದನ್ನು ಕೆಳಕ್ಕೆ ಎಳೆದರೆ ಸುತ್ತಿಗೆ ಬಡಿಯುತ್ತದೆ. ಕೈಯ ತುದಿಯಲ್ಲಿ ತಂತಿ ಸಿಕ್ಕಿಸುವ ಕೊಕ್ಕೆ. ಆ ಕೊಕ್ಕೆ ಖಾಲಿಯಿತ್ತು. ನಾನು ಬೆರಳು ಹಾಕಿ ನೋಡಿದ್ದೇನೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ನೆನಪಿಡಿ. ಕೊಕ್ಕೆಯಲ್ಲಿ ನನ್ನ ಬೆರಳು ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಸ್ಟೂಲಿನಿಂದ ಇಳಿದು ಅತ್ತಿಂದಿತ್ತ ಓಡಾಡತೊಡಗಿದೆ. “ನಾಳೆ ಏನು ತೋರಿಸ್ಲಿ ಮಾವ? ಗಾಳಿಗೆ ಹೊಡ್ಕೊಳ್ತು ಅಂದ್ರೆ ‘ಯಾವ ತಂತಿಯಮ್ಮಾ, ಎಲ್ಲಿದೆ?’ ಅಂತಾನೆ ಆ ಮ್ಯಾನೇಜರ್. ದೆವ್ವ ಅಂತ ಬೊಗಳಿದ್ರಲ್ಲ ನಿಮ್ಮ ಜೊತೆಗಾರರು, ಅವರಿಗೆ ಬುದ್ಧಿ ಬೇಡ್ವಾ? ನಿಮ್ಮ ಕುತ್ತಿಗೆಗೆ ಅವರೇ ಕುಣಿಕೆ ಮಾಡಿ ಕೊಟ್ರು!”

ಮಾವ ತಮ್ಮ ಜಾಗದಲ್ಲಿ ಕೂತಿದ್ದರು. “ಕೂತ್ಕೋ ಪುಟ್ಟಿ,” ಎಂದರು. “ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ. ಇಲ್ಲಿ ಕೂತು ಎಷ್ಟು ದಿನ ಆಯ್ತು...”

ಕೂತೆ. ಟಾರ್ಚ್ ಆರಿಸಿದೆ, ಸೆಲ್ಲು ಉಳಿಯಲಿ ಎಂದು. ಕಿಟಕಿಯಲ್ಲಿ ದೂರದ ಕಾರ್ಖಾನೆಗಳ ದೀಪ. ಗಾಳಿ ನಿಂತಿತ್ತು. ಎಲ್ಲೋ ಒಂದು ಜೀರುಂಡೆ ಕೂಗುತ್ತಿತ್ತು... ಅದೂ ನಿಂತಿತು.

ಠಣ್‌ಣ್‌ಣ್...

ನನ್ನ ತಲೆಯ ಮೇಲೆಯೇ. ಅಷ್ಟು ಹತ್ತಿರ.

ಠಣ್.

ಮೊದಲನೆಯದು ಉದ್ದ. ಎರಡನೆಯದು ಚಿವುಟಿದ ಹಾಗೆ.

ಟಾರ್ಚ್ ಹಾಕಿದೆ. ಬೆಳಕು ಗೋಡೆಯ ತುಂಬ ಓಡಾಡಿತು. ಆಮೇಲೆ ಗಂಟೆ ಸಿಕ್ಕಿತು. ಅದರ ಕಬ್ಬಿಣದ ಕೈ ಇನ್ನೂ ಕೆಳಕ್ಕೆ ಬಾಗಿತ್ತು. ಯಾರೋ ಎಳೆದು ಹಿಡಿದ ಹಾಗೆ. ನಾನು ನೋಡನೋಡುತ್ತಿದ್ದಂತೆ, ಹಿಡಿದವರು ಬಿಟ್ಟ ಹಾಗೆ, ಮೆಲ್ಲಗೆ ಮೇಲೆದ್ದು ತನ್ನ ಜಾಗಕ್ಕೆ ಹೋಗಿ ನಿಂತಿತು. ಕೊಕ್ಕೆ ಖಾಲಿ.

“ನಿಂಗೂ ಕೇಳಿಸ್ತಾ?” ಮಾವನ ದನಿ ಪಿಸುಗುಟ್ಟಿತು.

ಇಲ್ಲ ಎನ್ನಬೇಕೆಂದಿದ್ದೆ. ಸುಳ್ಳು ಹೇಳಲು ಬರಲಿಲ್ಲ. “ಕೇಳಿಸ್ತು.”

ಕತ್ತಲಲ್ಲಿ ಅವರು ಉಸಿರು ಬಿಟ್ಟದ್ದು ಕೇಳಿಸಿತು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರು. “ಅವನೇ,” ಎಂದರು. “ಆರ್ಮುಗನ ಕೈ.” ಎದ್ದರು. ನಾನು ಬೆಳಕು ತಿರುಗಿಸುವಷ್ಟರಲ್ಲಿ ಅವರ ಎರಡೂ ಕೈ ಬ್ರೇಕಿನ ಹಿಡಿಯ ಮೇಲಿದ್ದವು.

“ಮಾವಾ! ಏನ್ ಮಾಡ್ತಿದೀರಾ?”

“ಗಂಟೆ ಆಯ್ತಲ್ಲ.”

“ತಂತಿನೇ ಇಲ್ಲ ಮಾವ! ಕೆಳಗೆ ಯಾರೂ ಇಲ್ಲ!”

“ಗಂಟೆ ಆಯ್ತಲ್ಲೇ...” ನಿದ್ದೆಯಲ್ಲಿರುವವರ ಹಾಗೆ ಅದನ್ನೇ ಹೇಳಿದರು. ನಾನು ಹಾರಿ ಹಿಡಿಗೆ ಜೋತುಬಿದ್ದೆ. ಟಾರ್ಚ್ ಬಿದ್ದು ಉರುಳಿತು. ಆ ಕಲ್ಲು ತುಂಬಿದ ತೊಟ್ಟಿಲು ಇಳಿದರೆ ಏನಾಗುತ್ತದೆ, ನಾಳೆ ಅಧಿಕಾರಿ ಏನನ್ನುತ್ತಾನೆ, ನನಗೆ ಅದೊಂದೇ ಚಿಂತೆ. ಕೆಲಸದಿಂದ ನಿಲ್ಲಿಸಿದ ಮನುಷ್ಯ ರಾತ್ರಿ ಬಂದು ಮತ್ತೆ ಬ್ರೇಕು ಬಿಟ್ಟನಂತೆ! ಮುಗಿಯಿತಲ್ಲ, ಅಲ್ಲಿಗೆ ಜೈಲೇ.

ಆಗ ಹಗ್ಗ ಮುಲುಗಿತು.

ಚಕ್ರದ ಒಂದು ಬದಿ, ಕೆಳಗಿನ ಖಾಲಿ ತೊಟ್ಟಿಲಿಗೆ ಹೋಗುವ ಬದಿ. ಒದ್ದೆ ಬಟ್ಟೆ ಹಿಂಡುವಾಗ ಬರುತ್ತದಲ್ಲ, ಅಂಥ ಸದ್ದು. ಮಾವ ಹಿಡಿಯನ್ನು ಎಳೆಯುವುದು ನಿಲ್ಲಿಸಿದರು. ಒಂದು ಕೈ ಚಾಚಿ ಹಗ್ಗದ ಮೇಲೆ ಅಂಗೈ ಇಟ್ಟರು. ವೈದ್ಯರು ನಾಡಿ ನೋಡುವ ಹಾಗೆ.

“ಹತ್ತಿದ,” ಎಂದರು.

ಅಷ್ಟೇ ಮಾತು. 

ನನ್ನ ಕೈ ಹಿಡಿದು ಹಗ್ಗದ ಮೇಲೆ ಇರಿಸಿದರು. ಹಗ್ಗ ಬಿಗಿದುಕೊಂಡಿತ್ತು. ಒಳಗೆ ಸಣ್ಣ ಸಣ್ಣ ನಡುಕ... ಬಂಡಿ ಹತ್ತಿದವರು ಅತ್ತಿತ್ತ ಸರಿದು, ಕೂರಲು ಜಾಗ ಮಾಡಿಕೊಳ್ಳುತ್ತಾರಲ್ಲ, ಆ ಥರ. ಆಮೇಲೆ ನಡುಕ ನಿಂತಿತು. ಕೂತವರು ಕೂತ ಹಾಗೆ.

ರಾತ್ರಿ ತಣ್ಣಗಾದರೆ ಉಕ್ಕು ಕುಗ್ಗುತ್ತದೆ, ಹಗ್ಗ ಬಿಗಿಯಾಗುತ್ತದೆ. ಗೊತ್ತು. ನನಗೂ ವಿಜ್ಞಾನ ಗೊತ್ತು. ಆ ಕ್ಷಣದಲ್ಲೂ ಅದನ್ನೇ ಹೇಳಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗಂಟೆ ಮತ್ತೆ ಹೊಡೆಯಿತು. ಉದ್ದ ಒಂದು, ಚಿವುಟು ಒಂದು. ಈ ಸಲ ಮೊದಲನೆಯದು ಇನ್ನೂ ಉದ್ದವಾಗಿತ್ತು, ‘ಯಾಕೆ, ಕೇಳಿಸಲಿಲ್ವಾ?’ ಎಂದ ಹಾಗೆ.

ನನಗೆ ಏನಾಯಿತೋ ಗೊತ್ತಿಲ್ಲ. ಹೆದರಿ ಓಡಬೇಕಿತ್ತು. ಬದಲಿಗೆ ತಲೆಗೆ ರಕ್ತ ಏರಿತು. ಇಷ್ಟು ದಿನ ಯಾವ ಮಾತನ್ನು ಕೇಳಿದರೆ ನಾನು ಉರಿದು ಬೀಳುತ್ತಿದ್ದೆನೋ, ಅದೇ ಬಂದು ನನ್ನ ತಲೆಯ ಮೇಲೆ ಗಂಟೆ ಹೊಡೆಯುತ್ತಿತ್ತು! ಎದ್ದು ನಿಂತು ಗಂಟೆಗೆ ಮುಖಮಾಡಿ ಕಿರುಚಿದೆ.

“ಯಾರಾದ್ರೂ ಆಗಿರು! ನಿನ್ನ ಗಂಟೆ ದೆಸೆಯಿಂದ ಇವರು ಜೈಲಿಗೆ ಹೋಗ್ತಾರೆ, ಗೊತ್ತಾ? ಬಾರಿಸೋ ಧೈರ್ಯ ಇದ್ರೆ ನಾಳೆ ಹಗಲಲ್ಲಿ, ಆ ಅಧಿಕಾರಿ ಎದುರಿಗೆ ಬಾರಿಸು! ಕತ್ತಲಲ್ಲಿ ಇವರೊಬ್ಬರ ಹತ್ರ ಏನು ನಿಂದು? ನಾಚ್ಕೆ ಆಗಲ್ವಾ? ಸುಮ್ನಿರು!”

ನನ್ನ ದನಿ ತಗಡಿಗೆ ಬಡಿದು ಹೊರಗೆ ಗುಡ್ಡದ ಮೇಲೆಲ್ಲ ಹೋಯಿತು.

ಗಂಟೆ ಸುಮ್ಮನಾಯಿತು.

ಮಾವ ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು. “ಹಂಗೆ ಬೈಬಾರ್ದಿತ್ತು ಕಣೇ,” ಎಂದರು.

ಅವರನ್ನು ಎಳೆದುಕೊಂಡು ಇಳಿದೆ. ಪಕ್ಕದಲ್ಲಿ ಹಗ್ಗ ಉದ್ದಕ್ಕೂ ಬಿಗಿಯಾಗಿಯೇ ಇತ್ತು. ಟಾರ್ಚನ್ನು ಹಳಿಯ ಕಡೆ ಹಿಡಿಯಲಿಲ್ಲ. ಮೆಟ್ಟಿಲಿನ ಮೇಲಷ್ಟೇ ಹಿಡಿದೆ.

ಬುಡದಲ್ಲಿ ತೊಟ್ಟಿಲು ನಿಂತಲ್ಲೇ ನಿಂತಿತ್ತು, ಖಾಲಿ. ಅದರ ಬಾಗಿಲಿಗೆ ಅಡ್ಡಲಾಗಿ ಒಂದು ಸರಪಳಿ ಇರುತ್ತದೆ. ಹತ್ತಿದವರು ಒಳಗಿನಿಂದ ಸಿಕ್ಕಿಸಿಕೊಳ್ಳಬೇಕು, ಇಲ್ಲದಿದ್ದರೆ ಜಾರುತ್ತಾರೆ. ಸರಪಳಿ ಸಿಕ್ಕಿಸಿತ್ತು. ನಾವು ಹತ್ತುವ ಮೊದಲು ಅದು ಜೋತಾಡುತ್ತಿತ್ತೋ, ಸಿಕ್ಕಿಸಿತ್ತೋ? ನೋಡಿದ ನೆನಪಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನುವವಳಲ್ಲ ನಾನು. ವಾಚ್‌ಮನ್ ಮಾತ್ರ ಗೇಟಿನಿಂದ ಕದಲಿರಲಿಲ್ಲ, ಯಾರೂ ಬಂದಿಲ್ಲ ಎಂದು ಆಣೆಯಿಟ್ಟ. ಗಂಟೆ ಅಷ್ಟು ದೂರಕ್ಕೆ ಅವನಿಗೆ ಕೇಳಿಸುವಂತೆಯೂ ಇರಲಿಲ್ಲ.

ಮಾವ ತೊಟ್ಟಿಲಿನ ಎದುರು ನಿಂತರು. “ಇವತ್ತಾಗಲ್ಲ ಕಣೋ,” ಎಂದರು. “ತಪ್ಪು ತಿಳ್ಕೋಬೇಡ.”

“ಯಾರ ಹತ್ರ ಮಾತಾಡ್ತಿದೀರಾ? ನಡೀರಿ!” ಎಂದೆ. ಆ ದನಿಯಲ್ಲಿ ಮಾವನ ಜೊತೆ ನಾನು ಹಿಂದೆಂದೂ ಮಾತಾಡಿರಲಿಲ್ಲ.

ಆ ರಾತ್ರಿ ನಿದ್ದೆ ಮಾಡಲಿಲ್ಲ. ಹೆದರಿಕೆಯಿಂದಲ್ಲ, ಯೋಚನೆಯಿಂದ. ನನ್ನ ಸ್ಥಿತಿ ನೋಡಿ. ಕಂಡದ್ದನ್ನು ಹೇಳಿದರೆ ಮ್ಯಾನೇಜರ್ ಕುಣಿದಾಡುತ್ತಾನೆ: ‘ನೋಡಿ, ಸೋದರಸೊಸೆಗೂ ದೆವ್ವದ ಗಂಟೆ ಕೇಳಿಸಿತಂತೆ, ಮನೆತನಕ್ಕೇ ತಲೆ ಸರಿಯಿಲ್ಲ!’ ಆದರೆ ಆ ತಂತಿ ಕೆಟ್ಟಿತ್ತು ಎನ್ನುವುದು ನಿಜ. ಅದನ್ನು ಸರಿಮಾಡದೆ ಒಬ್ಬ ಮನುಷ್ಯನನ್ನು ಹಳಿಯ ಮೇಲೆ ಕೆಲಸಕ್ಕೆ ಬಿಟ್ಟದ್ದು ನಿಜ. ರಾತ್ರಿ ಏನೇ ಹೊಡೆದಿರಲಿ, ಆ ನಿಜ ಸುಳ್ಳಾಗುವುದಿಲ್ಲ. ಬೆಳಗಾಗುವಷ್ಟರಲ್ಲಿ ನನಗೆ ಒಂದೇ ಒಂದು ಪ್ರಶ್ನೆ ಹೊಳೆಯಿತು. ಅದು ಸಾಕಿತ್ತು.

ವಿಚಾರಣೆ ಬ್ರೇಕಿನ ಮನೆಯಲ್ಲೇ ನಡೆಯಿತು. ಮಾವನ ಪರವಾಗಿ ನಾನು ಮಾತಾಡಲು ಅಧಿಕಾರಿ ನಗುತ್ತಾ ಒಪ್ಪಿದರು, ಚಿಕ್ಕ ಹುಡುಗಿ, ಏನು ಮಹಾ ಮಾತಾಡುತ್ತಾಳೆ ಎಂದು.

ಮ್ಯಾನೇಜರ್ ಶುರು ಮಾಡಿದ. “ಗಂಟೆ ಹೊಡೆದೇ ಇಲ್ಲ ಸಾರ್. ಸಿದ್ಧಲಿಂಗಪ್ಪನಿಗೆ ಭ್ರಮೆ. ಬೇಕಾದ್ರೆ ಇಲ್ಲಿಯ ಜನಾನ ಕೇಳಿ, ಎಲ್ರೂ ದೆವ್ವ ಅಂತಾರೆ.”

“ಅಂದ್ರೆ ಗಂಟೆಯಲ್ಲಿ, ತಂತಿಯಲ್ಲಿ ಏನೂ ದೋಷ ಇರ್ಲಿಲ್ಲ?” ಎಂದೆ.

“ಏನೂ ಇರ್ಲಿಲ್ಲಮ್ಮ.”

“ಗಂಟೆ ಹೊಡೆಯಲೂ ಇಲ್ಲ?”

“ಇಲ್ಲ ಅಂದ್ನಲ್ಲ.”

“ಹಾಗಾದ್ರೆ ಹೊಡೆಯದೇ ಇದ್ದ ಗಂಟೆಯ, ದೋಷವೇ ಇಲ್ಲದ ತಂತಿಯನ್ನ, ವಿಚಾರಣೆಗೆ ಮುಂಚೆ ರಾತ್ರೋರಾತ್ರಿ ಬಿಚ್ಚಿ ಲಾರಿಗೆ ಹಾಕಿಸಿದ್ದು ಯಾಕೆ ಸಾರ್? ದೆವ್ವಕ್ಕೆ ಬೇಕಿತ್ತಾ?”

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಅಧಿಕಾರಿಯ ನಗು ನಿಂತುಹೋಯಿತು. ಎದ್ದು ಹೋಗಿ ಬೋಳು ಕಂಬಗಳನ್ನು ನೋಡಿದರು. “ತಂತಿ ಎಲ್ರೀ?” ಎಂದು ಗದರಿದರು. ಮ್ಯಾನೇಜರ್ ತಡವರಿಸಿದ. ಅಲ್ಲಿಂದಾಚೆಗೆ ಅವನಿಗೆ ಎಲ್ಲ ಇಳಿಜಾರು. ವಾಚ್‌ಮನ್ ಬಾಯಿಬಿಟ್ಟ, ಕೆಲಸಗಾರರೂ ಒಬ್ಬೊಬ್ಬರಾಗಿ ತಂತಿಯ ಅವಸ್ಥೆ ಹೇಳಿದರು. ಜೋತುಬಿದ್ದ ತಂತಿಯಿಂದ ಗಂಟೆ ತಾನಾಗಿ ಹೊಡೆದುಕೊಂಡಿದೆ, ಬ್ರೇಕಿನವನ ತಪ್ಪಿಲ್ಲ ಎಂದು ತೀರ್ಮಾನವಾಯಿತು. ಮಾವ ಆರೋಪದಿಂದ ಮುಕ್ತರಾದರು. ನಾನು ಗೆದ್ದೆ.

ಆದರೆ ಕೇಳಿ. ಆ ಒಂದೂವರೆ ತಾಸು, ಮಾತಾಡುವಾಗಲೆಲ್ಲ ನನ್ನ ಒಂದು ಕಿವಿ ತಲೆಯ ಮೇಲಿನ ಗಂಟೆಯ ಕಡೆಗೇ ಇತ್ತು. ಬಾರಿಸು ಎಂದು ಸವಾಲು ಹಾಕಿದವಳು ನಾನೇ. ಅದು ಬಾರಿಸಲಿಲ್ಲ. ಬಾರಿಸಲಿಲ್ಲವಲ್ಲ ಎಂದು ನನಗೆ ಸಮಾಧಾನವಾಗಬೇಕಿತ್ತು. ಯಾಕೋ ಆಗಲಿಲ್ಲ.

ಕ್ವಾರಿಯ ಗುತ್ತಿಗೆ ರದ್ದಾಯಿತು. ಹಗ್ಗದ ರೈಲು ನಿಂತೇ ಹೋಯಿತು. ಗುಡ್ಡದ ಮೇಲಿನ ಸಾಲುಮನೆಗಳನ್ನು ಖಾಲಿ ಮಾಡಿಸಿದರು. ನಾನು ಮುಂದಿನ ಸಲ ಭದ್ರಾವತಿಗೆ ಹೋಗಿದ್ದಾಗ ಸೆಲ್ವಿ ಮಾವನ ಮನೆಗೆ ಬಂದಳು, ಎರಡು ಗಂಟು ಹೊತ್ತುಕೊಂಡು. ತಮಿಳುನಾಡಿನ ಕಡೆ ತಮ್ಮನ ಮನೆಗೆ ಹೊರಟಿದ್ದಳು. ಮಾವ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು.

“ಅಣ್ಣಾ, ನಿಮ್ಮ ಮೇಲೆ ನಂಗೆ ಕೋಪ ಇಲ್ಲ,” ಎಂದಳು ಸೆಲ್ವಿ. “ನೀವು ಅವರನ್ನ ಹೆಂಗೆ ನೋಡ್ಕೊಂಡ್ರಿ, ಗೊತ್ತು ನಂಗೆ.” ಅತ್ತೆ ಕೊಟ್ಟ ಕಾಫಿಯನ್ನು ಕುಡಿಯದೆ ಲೋಟ ಕೈಯಲ್ಲೇ ಹಿಡಿದಿದ್ದಳು. “ಒಂದೇ ಒಂದು ಕೇಳ್ಬೇಕು. ವಿಚಾರಣೆ ಮುಂಚೆ ದಿನ ರಾತ್ರಿ... ನೀವು ಮೇಲೆ ಬಂದಿದ್ರಲ್ಲಾ?”

“ಬಂದಿದ್ದೆ ತಾಯೀ.”

“ಅವರು ಗಂಟೆ ಹೊಡೆದ್ರಲ್ಲಾ. ದಿನಾ ಆ ಗಂಟೆ ಕೇಳಿನೇ ನಾನು ಸಾರು ಬಿಸಿಗಿಡೋದು. ಆವತ್ತೂ ಇಟ್ಟೆ. ಎರಡು ಸಲ ಹೊಡೆದ್ರು. ಬಾಗ್ಲು ತೆಗೆದು ನಿಂತಿದ್ದೆ. ಯಾಕಣ್ಣಾ, ಎಳೀಲಿಲ್ಲ?”

ಮಾವ ನನ್ನ ಕಡೆ ನೋಡಿದರು.

ನನ್ನ ಬಳಿ ಉತ್ತರವಿತ್ತು. ಒಂದಲ್ಲ, ಹತ್ತು. ದುಃಖದಲ್ಲಿದ್ದವರಿಗೆ ಏನೇನೋ ಕೇಳಿಸುತ್ತದೆ. ಗಂಟೆಯನ್ನು ಪರೀಕ್ಷಿಸುವಾಗ ನಾನೇ ಮುಟ್ಟಿದ್ದೆ. “ಅದು...” ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ದನಿಯನ್ನು ಗುರುತಿಸುವವಳ ಹಾಗೆ ತಲೆ ವಾಲಿಸಿ ನೋಡಿದಳು.

“ನೀವೇನಮ್ಮಾ ಆವತ್ತು ಕಿರುಚಿ ಬೈದಿದ್ದು?” ಎಂದಳು. ಸಿಟ್ಟೇನೂ ಇರಲಿಲ್ಲ. “ಅವರು ಹಂಗೇ. ಯಾರಾದ್ರೂ ಒಂದು ಸಲ ಗದರಿದ್ರೆ ಮತ್ತೆ ಕೇಳೋರಲ್ಲ. ಅಲ್ಲೇ ಕೂತ್ಬಿಡ್ತಾರೆ.”

ಲೋಟ ಕೆಳಗಿಟ್ಟಳು. ಗಂಟು ಎತ್ತಿಕೊಂಡು ಹೋದಳು.

ನನ್ನ ವಾದದಲ್ಲಿ ತಪ್ಪಿರಲಿಲ್ಲ. ಇಂದಿಗೂ ಯಾವ ವೇದಿಕೆಯಲ್ಲಿ ಬೇಕಾದರೂ ಅದನ್ನು ಮಂಡಿಸಿ ಗೆಲ್ಲಬಲ್ಲೆ. ಆ ತೊಟ್ಟಿಲುಗಳನ್ನು ಯಾರೂ ಬಿಚ್ಚಿ ಒಯ್ದಿಲ್ಲವಂತೆ. ಒಂದು ಮೇಲೆ, ಒಂದು ಕೆಳಗೆ, ಹಾಗೆಯೇ ನಿಂತಿವೆಯಂತೆ. ಭದ್ರಾವತಿಗೆ ಹೋದಾಗ ಸಂಜೆ ಕತ್ತಲು ಕವಿಯುವ ಹೊತ್ತಿಗೆ ಮಾವ ಮಾತಿನ ನಡುವೆ ನಿಲ್ಲಿಸಿ ಗುಡ್ಡದ ಕಡೆ ಕಿವಿ ಕೊಡುತ್ತಾರೆ. “ಏನೂ ಇಲ್ಲ ಮಾವ,” ಎನ್ನುತ್ತೇನೆ.

ಬೇಕಾದದ್ದಕ್ಕಿಂತ ಜೋರಾಗಿ ಎನ್ನುತ್ತೇನೆ. ಯಾರಿಗೆ ಕೇಳಿಸಲಿ ಎಂದು ಅಷ್ಟು ಜೋರಾಗಿ ಹೇಳುತ್ತೇನೋ, ನನಗೇ ತಿಳಿಯದು.